ಚಪ್ಪರ ಬಿಚ್ಚುವ ಹೊತ್ತು

"ಗುರುಗಳೇ, ದಿನವೆಲ್ಲ ಸರಿಯಾಗಿ ನಡೆಯುವ ಯಂತ್ರ ಬಂದ್ ಮಾಡುವಾಗಲೇ ಏಕೆ ಕುಸಿಯುತ್ತದೆ?" ಎಂದು ನೀಲವೇಣಿ ಕೇಳಿದಳು.

ಅವಳು ನೋಡಿಕೊಳ್ಳುತ್ತಿದ್ದುದು ಒಂದು ರಕ್ತನಿಧಿಯ ಕಂಪ್ಯೂಟರ್. ಆರಿಸಲು ಹೋದಾಗಲೆಲ್ಲ ಅದರ ಕರ್ನಲ್, ಅಂದರೆ ಎಲ್ಲ ಭಾಗಗಳನ್ನೂ ನಡೆಸುವ ಮೂಲ ತಂತ್ರಾಂಶ, ನಡುವೆಯೇ ಸತ್ತುಬೀಳುತ್ತಿತ್ತು. ಕಳೆದ ಸಲ ಹಾಗಾದಾಗ ಮಾಹಿತಿ ಕೆಟ್ಟು, ಒಬ್ಬ ಬಾಣಂತಿಗೆ ರಕ್ತ ಸಿಗುವುದು ತಡವಾಗಿತ್ತು. ನಾಳೆ ಬ್ಯಾಟರಿ ಬದಲಿಸಲು ಮತ್ತೆ ಆರಿಸಲೇಬೇಕು.

"ಲಾಗ್ ಏನನ್ನುತ್ತದೆ?" ಎಂದರು ಮರಿಬಸವಯ್ಯ. ಅವಳಿಗೆ ಈ ವಿದ್ಯೆ ಕಲಿಸಿದವರು ಅವರೇ. ಲಾಗ್ ಎಂದರೆ ಯಂತ್ರ ತನ್ನ ಬಗ್ಗೆ ತಾನೇ ಬರೆದಿಡುವ ವರದಿ.

"ಕೊನೆಯ ಸಾಲಿನವರೆಗೂ ಎಲ್ಲ ಸರಿಯಿದೆ ಅನ್ನುತ್ತದೆ. ಅದಕ್ಕೇ ನನಗೆ ಭಯ."

"ಕತೆ ಹೇಳುವುದು ನನಗೆ ಬರುವುದಿಲ್ಲಮ್ಮ, ಎಡವಟ್ಟಾದರೆ ಬೇಸರಪಡಬೇಡ" ಎಂದು ಅವರು ಶುರುಮಾಡಿದರು.

ಒಬ್ಬ ವ್ಯಾಪಾರಿ ಮದುವೆಗಳಿಗೆ ಚಪ್ಪರ ಹಾಕಿಸುತ್ತಿದ್ದ. ಗಾಳಿಗೂ ಅಲುಗದ ಚಪ್ಪರ ಬಿಚ್ಚುವಾಗ ಮಾತ್ರ ಕುಸಿಯುತ್ತಿತ್ತು. ಒಬ್ಬ ಆಳಿನ ಭುಜ ಮುರಿಯಿತು. ವ್ಯಾಪಾರಿ ಮೇಸ್ತ್ರಿಯನ್ನು ಕರೆದು ಕೇಳಿದ.

"ನಾನು ನೋಡಿದಷ್ಟು ಹೊತ್ತು ಏನೂ ಆಗಲಿಲ್ಲ, ಧಣಿ."

"ಎಷ್ಟು ಹೊತ್ತು ನೋಡಿದೆ?"

"ನಾನು ನಿಲ್ಲುವ ಅಟ್ಟಣಿಗೆಯನ್ನೇ ಮೊದಲು ಬಿಚ್ಚುವುದಲ್ಲವೇ? ಇಳಿದವನು ಪಂಕ್ತಿಗೆ ಹೋಗಿ ಕೂತೆ. ಪಾಯಸ ಆರಿಹೋಗುತ್ತಿತ್ತು."

ಮುಂದಿನ ಮದುವೆಯಲ್ಲಿ ವ್ಯಾಪಾರಿ ಮೇಸ್ತ್ರಿಯನ್ನು ಎದುರುಮನೆಯ ತಾರಸಿಯ ಮೇಲೆ ಕೂರಿಸಿದ. ಆ ತಾರಸಿ ಚಪ್ಪರಕ್ಕೆ ಸೇರಿದ್ದಲ್ಲ, ಆದ್ದರಿಂದ ಅದನ್ನು ಯಾರೂ ಬಿಚ್ಚುವಂತಿರಲಿಲ್ಲ. ಅಲ್ಲಿಂದ ಮೇಸ್ತ್ರಿಗೆ ಕಂಡಿತು: ಚಪ್ಪರದ ಬಟ್ಟೆ ಕಟ್ಟಿದವರು ತಮ್ಮ ಕೆಲಸ ಮುಗಿಯಿತೆಂದು ಹಗ್ಗ ಬಿಚ್ಚತೊಡಗಿದ್ದರು. ಆ ಹಗ್ಗ ಹಿಡಿದಿದ್ದ ಕಂಬಕ್ಕೇ ಏಣಿ ಒರಗಿಸಿ ಹೂವಿನವನು ಇನ್ನೂ ಮೇಲಿದ್ದ. ಮೇಸ್ತ್ರಿ ಕೂಗಿದ. ಹೂವಿನವನು ಇಳಿದ ಮೇಲೆ ಹಗ್ಗ ಬಿಚ್ಚಿದರು. ಅಂದು ಚಪ್ಪರ ಕುಸಿಯಲಿಲ್ಲ.

"ಹಾಗಾದರೆ ನನ್ನ ಲಾಗ್..." ಎಂದಳು ನೀಲವೇಣಿ.

"ಅದೇ. ಬರೆದಿಡುವ ಡಿಸ್ಕನ್ನು ಯಂತ್ರ ಮೊದಲೇ ಕಳಚುತ್ತದೆ. ಆಮೇಲೆ ಏನಾದರೂ ಬರೆಯಲು ಜಾಗವಿಲ್ಲ. ಸಾಯುವಾಗಿನ ಮಾತು ಪರದೆಯ ಮೇಲೆ ಮಾತ್ರ ಬರುತ್ತದೆ. ಇಲ್ಲವೆಂದರೆ ಪಕ್ಕದ ಕಂಪ್ಯೂಟರಿಗೆ ಒಂದು ತಂತಿ ಎಳೆದು, ಆ ತಂತಿಯ ಮೂಲಕ, ಅಂದರೆ ಹೇಗೆಂದರೆ..."

"ರೀ, ಆಟೋದವನು ಹಾರ್ನ್ ಹೊಡೆದು ಸುಸ್ತಾದ. ನಿಮ್ಮ ಚಪ್ಪರ ಆಮೇಲೆ ಬಿಚ್ಚುವಿರಂತೆ, ಬನ್ನಿ!" ಎಂದು ಹೆಂಡತಿ ಹೊರಗಿನಿಂದ ಕೂಗಿದರು.

ಮರಿಬಸವಯ್ಯ ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಚಪ್ಪಲಿ ಮೆಟ್ಟುತ್ತ ತಿರುಗಿ ಕೇಳಿದರು:

"ಬಂದ್ ಆಗು ಎಂದು ಯಂತ್ರಕ್ಕೆ ಹೇಳಿದ ಮೇಲೆ ನೀನು ಎಲ್ಲಿಗೆ ಹೋಗುತ್ತೀಯಮ್ಮ?"

"ಕಾಫಿಗೆ, ಗುರುಗಳೇ. ನಾಳೆ ಪರದೆಯ ಮುಂದೆಯೇ ಕೂರುತ್ತೇನೆ" ಎಂದಳು ನೀಲವೇಣಿ.