ಕೊಕ್ಕರೆ ಕತ್ತರಿ

ಕಪಿಲಾ ನದಿಯ ಮೆಟ್ಟಿಲುಗಳಿಗೆ ಬೆನ್ನು ಮಾಡಿ ನಿಂತ ಒಂದು ಮನೆ. ಅಲ್ಲಿ ಪುಟ್ಟತಾಯಮ್ಮ ಎಂಬ ಗುರು. ಮೂವತ್ತು ವರ್ಷ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಈಗ ಗೊಂಬೆಗಳಿಗೆ ಬಟ್ಟೆ ಹೊಲಿಯುತ್ತಿದ್ದರು, ಬಂದವರಿಗೆ ಕಲಿಸುತ್ತಿದ್ದರು.

ದಸರೆಯಲ್ಲಿ ಕೂರಿಸುವ ಪಟ್ಟದ ಗೊಂಬೆಗಳಿಗಲ್ಲ. ಅಂಗಡಿಯಲ್ಲಿ ಪೆಟ್ಟಿಗೆಯೊಳಗೆ ನಿಂತಿರುತ್ತವಲ್ಲ, ಗೇಣಿಗಿಂತ ಚೂರು ಉದ್ದ, ಸೊಂಟ ಮೂರೂವರೆ ಇಂಚು, ಹುಟ್ಟಿದಾಗಿನಿಂದ ತುದಿಗಾಲಲ್ಲೇ ಇರುವ ಫ್ಯಾಷನ್ ಗೊಂಬೆಗಳು, ಅವಕ್ಕೆ.

ಎಲ್ಲರೂ ಟೀಚರಮ್ಮ ಎಂದೇ ಕರೆಯುತ್ತಿದ್ದ ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಶಿಷ್ಯೆ ಹೊಲಿದ ಮೊದಲ ಉಡುಪನ್ನು ಗುರು ಒಪ್ಪಿದ ದಿನ ಆಕೆಗೆ ಒಂದು ಪುಟ್ಟ ಕತ್ತರಿ ಸಿಗುತ್ತಿತ್ತು. ಹಿಡಿಯೇ ಕೊಕ್ಕರೆ, ಅಲಗೇ ಅದರ ಕೊಕ್ಕು.

ನೀಲಾಂಬಿಕೆ ಬಂದು ಹನ್ನೊಂದು ತಿಂಗಳಾಗಿತ್ತು. ಕತ್ತರಿ ಬಂದಿರಲಿಲ್ಲ.

ಯುಗಾದಿಯೊಳಗೆ ಬರದಿದ್ದರೆ ಬಿ.ಎಡ್. ಸೇರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು. ಅಪ್ಪ ಅರ್ಜಿ ತುಂಬಿಯೇ ಇಟ್ಟಿದ್ದರು. ಅವಳ ಸಹಿ ಒಂದು ಬಾಕಿ.

ಹಬ್ಬಕ್ಕೆ ಹದಿನೈದು ದಿನವಿದ್ದಾಗ ಬಸ್ ಕಂಡಕ್ಟರ್ ದೇವೀರಮ್ಮ ಡ್ಯೂಟಿಯ ನಡುವೆಯೇ ಓಡಿಬಂದು ಒಂದು ಗೊಂಬೆಯನ್ನು ಮೇಜಿನ ಮೇಲಿಟ್ಟಳು.

"ನಮ್ ಮಗಳು ಪಂಚಮಿದು ಟೀಚರಮ್ಮ. ಅವಳಿಗೆ ಆರು ವರ್ಷ ತುಂಬ್ತು. ಏನಾದ್ರೂ ಹೊಲಿದ್ಕೊಡಿ, ಇದ್ರ ಮೈಮೇಲೆ ಒಂದು ನೂಲಿಲ್ಲ."

ಹೊರಗೆ ಬಸ್ಸು ಹಾರನ್ ಹೊಡೆಯಿತು. ದೇವೀರಮ್ಮ ಬಂದ ಹಾಗೆಯೇ ಓಡಿದಳು.

ಟೀಚರಮ್ಮ ಗೊಂಬೆಯನ್ನು ನೀಲಾಂಬಿಕೆಯ ಮುಂದಕ್ಕೆ ಸರಿಸಿದರು.

"ನಂಗಾ ಟೀಚರಮ್ಮ?"

"ನಿಂಗಲ್ಲ, ಅವಳಿಗೆ."

ನೀಲಾಂಬಿಕೆಗೆ ಅದು ಕೇಳಿಸಲಿಲ್ಲ. ಆಗಲೇ ಮನಸ್ಸಿನಲ್ಲಿ ನೆರಿಗೆ ಹಿಡಿಯುತ್ತಿದ್ದಳು.

ನಾಲ್ಕು ದಿನ. ಅಮ್ಮನ ಮದುವೆಯ ರವಿಕೆಯಿಂದ ಉಳಿದಿದ್ದ ನವಿಲುಬಣ್ಣದ ರೇಷ್ಮೆಯಲ್ಲಿ ನೆಲ ಮುಟ್ಟುವ ಗೌನು. ಅಂಚಿಗೆ ಸಾಸಿವೆಗಾತ್ರದ ಮಣಿಗಳು. ಊಟಕ್ಕೆ ಕೂತರೂ ಎಡಗೈ ಮಣಿ ಡಬ್ಬಿಯಲ್ಲೇ ಇರುತ್ತಿತ್ತು. ಸೊಂಟದಲ್ಲಿ ಹುಡುಕಿದರೂ ಒಂದು ಸುಕ್ಕು ಸಿಗುತ್ತಿರಲಿಲ್ಲ.

ಐದನೆಯ ಬೆಳಿಗ್ಗೆ ಗೊಂಬೆಯನ್ನು ಗುರುವಿನ ಮುಂದೆ ನಿಲ್ಲಿಸಿದಳು. ಟೀಚರಮ್ಮ ಕನ್ನಡಕ ಏರಿಸಿಕೊಂಡರು. ಮುಂದೆ ನೋಡಿದರು, ಹಿಂದೆ ನೋಡಿದರು.

"ಬಿಚ್ಚು."

"ಏನನ್ನ?"

"ಗೌನು."

ನೀಲಾಂಬಿಕೆ ಗೊಂಬೆಯನ್ನು ತಿರುಗಿಸಿ ಬೆನ್ನು ತೋರಿಸಿದಳು. ಸೊಂಟ ಬಿಗಿಯಾಗಿ ಕೂರಲೆಂದು ಬೆನ್ನಿನ ಹೊಲಿಗೆಯನ್ನು ಗೊಂಬೆಯ ಮೈಮೇಲೆಯೇ ಹಾಕಿ ಮುಗಿಸಿದ್ದಳು.

"ಇದು ಬಿಚ್ಚೋದಲ್ಲ ಟೀಚರಮ್ಮ. ಹೀಗೇ ಇದ್ರೇ ಚೆಂದ."

ಟೀಚರಮ್ಮ ಒಂದು ಬ್ಲೇಡನ್ನು ಅವಳ ಕಡೆ ತಳ್ಳಿದರು.

ಹಿರಿಯ ಶಿಷ್ಯೆ ಫರ್ಜಾನಾ ಯಂತ್ರದ ಮುಂದೆ ಕೂತಿದ್ದಳು. ಅವಳ ಕೊಕ್ಕರೆ ಕತ್ತರಿ ಕೊರಳಿನ ದಾರದಲ್ಲಿ ತೂಗುತ್ತಿತ್ತು. ತಲೆ ಎತ್ತದೆಯೇ ಕೇಳಿದಳು: "ಸಹಿ ಮಾಡೋಕೆ ಪೆನ್ನು ಬೇಕೇನೇ?"

ಮರುದಿನ ಗೌನಿನ ಬೆನ್ನಿಗೆ ಹನ್ನೊಂದು ಟಿಚ್ ಬಟನ್‌ಗಳು ಬಂದಿದ್ದವು, ಒಂದೊಂದೂ ಅಕ್ಕಿಕಾಳಿನಷ್ಟು. ನೀಲಾಂಬಿಕೆ ಗುರುವಿನ ಕಣ್ಣೆದುರೇ ಟಕಟಕ ಬಿಚ್ಚಿದಳು, ಟಕಟಕ ಹಾಕಿದಳು.

"ನೋಡಿ."

ಟೀಚರಮ್ಮ ಎದ್ದು ಒಳಗೆ ಹೋದರು. ಕತ್ತರಿ ತರುತ್ತಾರೆಂದು ನೀಲಾಂಬಿಕೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

ಅವರು ತಂದದ್ದು ಒಂದು ಜೊತೆ ಉಣ್ಣೆಯ ಕಾಲುಚೀಲ.

"ಕೈಗೆ ಹಾಕ್ಕೊ."

"ಕೈಗಾ?"

"ಹೂಂ. ಈಗ ನಿಂಗೆ ಆರು ವರ್ಷ. ಬಿಚ್ಚು."

ಮೊದಲ ಬಟನ್ ಸಿಗಲೇ ಇಲ್ಲ. ಎರಡನೆಯದು ಸಿಕ್ಕಿತು, ತೆರೆಯಲಿಲ್ಲ. ಮೂರನೆಯದು ಬಟ್ಟೆಯ ಸಮೇತ ಕಿತ್ತು ಬಂತು. ತೋಳಿನೊಳಗೆ ಗೊಂಬೆಯ ಹೆಬ್ಬೆರಳು ಸಿಕ್ಕಿಕೊಂಡಿತು. ಜೋರಾಗಿ ಎಳೆದದ್ದೇ ಗೊಂಬೆ ಜಾರಿ ಮೇಜಿನ ಕೆಳಗೆ ಹೋಗಿ, ಹರಿದ ರೇಷ್ಮೆಯಲ್ಲಿ ತುದಿಗಾಲು ಮೇಲೆ ಮಾಡಿ ಬಿತ್ತು.

ಫರ್ಜಾನಾ ನಕ್ಕಳು. ನೀಲಾಂಬಿಕೆಯ ಮುಖ ನೋಡಿ ನಿಲ್ಲಿಸಿದಳು.

"ಇದು ಅನ್ಯಾಯ ಟೀಚರಮ್ಮ. ಈ ಕೈಯಲ್ಲಿ ಯಾರಿಗಾದ್ರೂ ಆಗತ್ತಾ?"

"ಆಗಲ್ಲ. ಆರು ವರ್ಷ ಅಂದ್ರೆ ಅದೇ ಅನ್ಯಾಯ."

ಅವರು ಬಗ್ಗಿ ಗೊಂಬೆಯನ್ನು ಎತ್ತಿದರು. ಧೂಳು ಒರೆಸಿದರು.

"ಇವಳಿಗೆ ಏನು ಕೆಲಸ?"

"ಯಾರಿಗೆ?"

"ಇವಳಿಗೆ."

"ಗೊಂಬೆಗೇನು ಕೆಲಸ? ನಿಂತಿರತ್ತೆ."

"ನಿಂಗೆ ಅವಳು ಹಾಗಂತ ಹೇಳಿದ್ಲಾ?"

ನೀಲಾಂಬಿಕೆ ಕಾಲುಚೀಲ ಕಳಚಿ ಮೇಜಿನ ಮೇಲಿಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟಳು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಶಾಲೆ ಮುಗಿಸಿದ ಪಂಚಮಿ ಅಮ್ಮನ ಬಸ್ಸಿಗಾಗಿ ಕಾಯುತ್ತ ಕಡಲೆಕಾಯಿ ಸುಲಿಯುತ್ತಿದ್ದಳು. ನೀಲಾಂಬಿಕೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ನಿನ್ನ ಗೊಂಬೆ ಏನ್ ಕೆಲಸ ಮಾಡ್ತಾಳೆ ಪುಟ್ಟಿ?"

ಇಷ್ಟೂ ಗೊತ್ತಿಲ್ಲವೇ ಎಂಬಂತೆ ಪಂಚಮಿ ನೋಡಿದಳು.

"ಕಂಡಕ್ಟರ್. ಮೊದ್ಲು ಡ್ರೈವರ್ ಆಗಿದ್ಲು. ಜಗಳ ಆಯ್ತು."

ನೀಲಾಂಬಿಕೆ ಒಂದೇ ಉಸಿರಿಗೆ ನದಿಯ ದಾರಿ ಹಿಡಿದು ವಾಪಸ್ ಬಂದಳು.

"ಟೀಚರಮ್ಮ, ಕಂಡಕ್ಟರಂತೆ."

"ಯಾವ ರೂಟು?"

"ಕೇಳಲಿಲ್ಲ."

ಟೀಚರಮ್ಮ ಸೂಜಿಗೆ ದಾರ ಪೋಣಿಸತೊಡಗಿದರು. ನೀಲಾಂಬಿಕೆ ಮತ್ತೆ ಓಡಿದಳು.

ಈ ಸಲ ಬರುವಾಗ ಸೆರಗು ಸೊಂಟದಲ್ಲಿತ್ತು, ಮುಖ ಕೆಂಪಗಿತ್ತು. "ಅಜ್ಜಿ ಮನೆಗಂತೆ. ನಾನ್‌ಸ್ಟಾಪ್."

"ಹಾಗಾದ್ರೆ ಸರಿ," ಅಂದರು ಟೀಚರಮ್ಮ.

ಹಬ್ಬಕ್ಕೆ ಒಂಬತ್ತು ದಿನ ಉಳಿದಿತ್ತು.

ದೇವೀರಮ್ಮ ತನ್ನ ಹಳೆಯ ಸಮವಸ್ತ್ರದ ಖಾಕಿ ತುಂಡೊಂದನ್ನು ಕೊಟ್ಟಳು. ನೀಲಾಂಬಿಕೆ ಕತ್ತರಿಸಿ, ಹೊಲಿದು, ತೊಡಿಸಿದಳು. ದಪ್ಪ ಬಟ್ಟೆ ಮಡಚಲೊಲ್ಲದೆ ಸೆಟೆದು ನಿಂತಿತು. ಗೊಂಬೆ ಗಾಡ್ರೇಜ್ ಬೀರುವಿನಂತೆ ಕಂಡಿತು.

ಮೊದಲಾಗಿದ್ದರೆ ಅತ್ತುಬಿಡುತ್ತಿದ್ದಳು. ಈಗ ಫರ್ಜಾನಾಳಿಗೆ ತೋರಿಸಿದಳು, ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

"ಒಗೆದೂ ಒಗೆದೂ ಸವೆದ ಪಂಚೆ ಇದ್ರೆ ನೋಡು," ಅಂದಳು ಫರ್ಜಾನಾ. "ಮೈಗೆ ಹತ್ತಿಕೊಂಡು ಕೂರತ್ತೆ."

"ಪಂಚೆ ಬಿಳಿ ಅಲ್ವೇನೇ?"

ಇಬ್ಬರೂ ಒಟ್ಟಿಗೇ ಅಡುಗೆಮನೆಯ ಟೀ ಪುಡಿ ಡಬ್ಬಿಯ ಕಡೆ ನೋಡಿದರು.

ಪಂಚೆಯ ತುಂಡು ಡಿಕಾಕ್ಷನ್‌ನಲ್ಲಿ ಕುದಿಯಿತು. ಮೊದಲ ಸಲ ಕೊಳೆ ಬಟ್ಟೆಯ ಬಣ್ಣ. ಎರಡನೆಯ ಸಲ ಬೆಲ್ಲದ್ದು. ಮೂರನೆಯ ಸಲ ಚಿಟಿಕೆ ಅರಿಶಿನ ಬಿದ್ದು ಅಪ್ಪಟ ಖಾಕಿ. ಅವತ್ತು ಆ ಮನೆಯಲ್ಲಿ ಯಾರಿಗೂ ಟೀ ಸಿಗಲಿಲ್ಲ. ಟೀಚರಮ್ಮ ಬಿಸಿನೀರು ಕುಡಿದರು.

ಒಂದು ಅಂಗಿ, ಒಂದು ಪ್ಯಾಂಟು. ಅಂಗಿಗೆ ಉಗುರಿನಷ್ಟು ಜೇಬು. ಮಾತ್ರೆಯ ಬೆಳ್ಳಿಹಾಳೆಯಲ್ಲಿ ಎದೆಯ ಬಿಲ್ಲೆ. ಹರಿದ ಪರ್ಸಿನ ಚರ್ಮದಲ್ಲಿ ಹೆಗಲಚೀಲ, ಅದರೊಳಗೆ ಇಪ್ಪತ್ತು ಟಿಕೆಟ್ಟು. ಪ್ರತಿ ಟಿಕೆಟ್ಟಿನ ಮೇಲೂ ಸೂಜಿಮೊನೆಯಷ್ಟು ಅಕ್ಷರದಲ್ಲಿ: ಅಜ್ಜಿ ಮನೆ.

ತೋಳು ಅಗಲ. ಬೆನ್ನು ಕತ್ತಿನಿಂದ ಕೆಳತುದಿಯವರೆಗೆ ಪೂರ್ತಿ ತೆರೆಯುವಂಥದ್ದು, ಮುಚ್ಚಲು ಒಂದೇ ಒಂದು ವೆಲ್ಕ್ರೊ ಪಟ್ಟಿ. ಸಂಜೆ ಸಂಜೆ ನೀಲಾಂಬಿಕೆ ತಾನೇ ಕಾಲುಚೀಲ ಹಾಕಿಕೊಂಡು ಬಿಚ್ಚಿ ನೋಡುತ್ತಿದ್ದಳು. ಯಾರೂ ಹೇಳಬೇಕಾಗಿರಲಿಲ್ಲ. ಸೊಂಟದಲ್ಲಿ ಎರಡು ಸುಕ್ಕು ಬಿದ್ದಿತು. ಬಿದ್ದರೆ ಬೀಳಲಿ ಎಂದು ಬಿಟ್ಟಳು.

ಯುಗಾದಿಯ ಹಿಂದಿನ ದಿನ ಗುರುವಿನ ಮುಂದೆ ತಂದಿಟ್ಟಳು.

ಟೀಚರಮ್ಮ ಬಹಳ ಹೊತ್ತು ನೋಡಿದರು. ಒಂದು ಟಿಕೆಟ್ಟನ್ನು ಉಗುರಿನ ತುದಿಯಲ್ಲಿ ಎತ್ತಿ ಓದಿದರು. ಬಿಚ್ಚು ಅನ್ನಲಿಲ್ಲ, ಚೆನ್ನಾಗಿದೆ ಅಂತಲೂ ಅನ್ನಲಿಲ್ಲ.

"ಪಂಚಮಿ ಬರಲಿ," ಅಂದರು.

ಮಧ್ಯಾಹ್ನ ಪಂಚಮಿ ಬಂದಳು, ಹಿಂದೆ ಖಾಕಿಯಲ್ಲೇ ದೇವೀರಮ್ಮ. ಗೊಂಬೆಯನ್ನು ಕಂಡು ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು. ಅಮ್ಮನ ಎದೆಯ ಬಿಲ್ಲೆ ನೋಡಿದಳು, ಗೊಂಬೆಯ ಬಿಲ್ಲೆ ನೋಡಿದಳು.

ನೀಲಾಂಬಿಕೆ ಗೊಂಬೆಯನ್ನು ಮೇಜಿನ ಅಂಚಿಗೆ ಸರಿಸಿದಳು.

"ರೈಟ್, ರೈಟ್," ಅಂದಳು ಪಂಚಮಿ.

ಗೊಂಬೆ ಹೊರಟಿತು. ಮೇಜಿನ ಈ ತುದಿಯಿಂದ ಆ ತುದಿಗೆ, ದಾರದುಂಡೆಗಳ ನಡುವೆ, ಇಸ್ತ್ರಿಪೆಟ್ಟಿಗೆಯನ್ನು ಬಳಸಿ. ಟೀಚರಮ್ಮನಿಗೊಂದು ಟಿಕೆಟ್ಟು, ಫರ್ಜಾನಾಳಿಗೊಂದು. ಸ್ವಂತ ಅಮ್ಮನಿಗೆ ಗದರಿಕೆ: "ಫುಟ್‌ಬೋರ್ಡ್ ಮೇಲೆ ನಿಲ್ಬೇಡಿ, ಒಳಗ್ ಬನ್ನಿ." ದೇವೀರಮ್ಮ ಒಳಗೆ ಬಂದಳು.

ಅಜ್ಜಿ ಮನೆ ಬಂತು. ಬಸ್ಸು ನಿಂತಿತು.

"ಡ್ಯೂಟಿ ಮುಗೀತು," ಅಂದವಳೇ ಪಂಚಮಿ ಗೊಂಬೆಯ ಬೆನ್ನಿಗೆ ಕೈಹಾಕಿದಳು. ಪರ್ರ್. ಅಂಗಿ ಕಳಚಿ ಮೇಜಿನಿಂದ ನೆಲಕ್ಕೆ ಬಿತ್ತು. ಅದರ ಹಿಂದೆಯೇ ಪ್ಯಾಂಟು. ಚೀಲ ಸೂಜಿಡಬ್ಬಿಯೊಳಗೆ ಹೋಯಿತು.

ಎಂಟು ದಿನದ ಕೆಲಸ. ಮೈಮೇಲೆ ಇದ್ದದ್ದು ಐದು ನಿಮಿಷ.

ಬೆತ್ತಲೆ ಗೊಂಬೆಯನ್ನು ಎತ್ತಿಹಿಡಿದು ಪಂಚಮಿ ಸುತ್ತಲೂ ನೋಡಿದಳು.

"ಅಮ್ಮ ಮನೆಗೆ ಬಂದ್ರೆ ಮೊದ್ಲು ನೈಟಿ ಹಾಕ್ಕೊಳ್ಳೋದು. ಇವಳ ನೈಟಿ ಎಲ್ಲಿ?"

ನೀಲಾಂಬಿಕೆ ನೆಲದ ಮೇಲಿನ ಖಾಕಿಯನ್ನೇ ನೋಡುತ್ತಿದ್ದಳು. ಅಪ್ಪನ ಅರ್ಜಿ, ಅದರ ಕೆಳಗಿನ ಖಾಲಿ ಗೆರೆ ಕಣ್ಣೆದುರಿಗೆ ಬಂತು.

"ಹೋಯ್ತು ಟೀಚರಮ್ಮ," ಅಂದಳು ಮೆಲ್ಲಗೆ. "ಬಿಚ್ಚಿ ಬಿಸಾಕಿಬಿಟ್ಲು."

ಟೀಚರಮ್ಮ ಮೇಜಿನ ಡ್ರಾಯರ್ ಎಳೆದರು. ಅವಳ ಕೈ ಹಿಡಿದು, ಅಂಗೈ ಬಿಡಿಸಿ, ಕೊಕ್ಕರೆ ಕತ್ತರಿಯನ್ನು ಇಟ್ಟು ಬೆರಳು ಮಡಚಿದರು.

"ನಿನ್ನನ್ನೇ ಕೇಳ್ತಿರೋದು ನೀಲಾ. ನೈಟಿ ಎಲ್ಲಿ?"