ಬೂದು ಚೌಕದೊಳಗಿನ ಮಾತು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಆ ಮಠಕ್ಕೊಂದು ರೂಢಿ. ಯಾರಾದರೂ ಪ್ರಶ್ನೆ ಕೇಳಿದರೆ ಅಜ್ಜಾರು ಮೊದಲು ಅದನ್ನು ಪೂರ್ತಿ ತಿರುಗಿ ಹೇಳುವರು. ಕೇಳಿದವರು 'ಹೌದ್ರಿ' ಎಂದ ಮೇಲೆಯೇ ಉತ್ತರ. ಒಮ್ಮೆ ಒಬ್ಬ ಕಂಬಾರ ಬೆಳಗಿನಿಂದ ಮಧ್ಯಾಹ್ನದವರೆಗೂ 'ಅಲ್ರಿ, ಹಂಗಲ್ರಿ' ಎನ್ನುತ್ತಲೇ ಇದ್ದ. ಅಜ್ಜಾರು ಬೇಸರಿಸಲಿಲ್ಲ. ಅಡುಗೆಯವನು ಬೇಸರಿಸಿದ.

ದೂರದ ಭಕ್ತರಿಗಾಗಿ ಮಠದವರು ಅಂತರ್ಜಾಲದಲ್ಲಿ ಒಂದು ಪ್ರಶ್ನೋತ್ತರ ವೇದಿಕೆ ತೆರೆದರು. ಉತ್ತರ ಬರೆಯುವ ಕೆಲಸ ಶಿಷ್ಯ ಸೋಮಲಿಂಗನಿಗೆ ಬಂತು. ಓದಿಕೊಂಡವನು, ಚುರುಕು. ಆ ಚುರುಕಿನ ಮೇಲೆ ಅವನಿಗೇ ತುಸು ಹೆಚ್ಚು ಪ್ರೀತಿ.

ಒಂದು ಬೆಳಿಗ್ಗೆ ಅವನು ಮೊಬೈಲು ಹಿಡಿದು ಓಡಿಬಂದ.

"ಅಜ್ಜಾರ, ನಿನ್ನೆ ನಾ ಬರದ ಉತ್ತರಕ್ಕ ಇನ್ನೂರು ಮಂದಿ ಮೆಚ್ಚಿಗಿ ಒತ್ಯಾರ!"

ಅಜ್ಜಾರು ನೋಡಿದರು. ಮೇಲೊಂದು ಬೂದು ಚೌಕ, ಕೇಳಿದವರ ಮಾತನ್ನು ಎತ್ತಿ ತೋರಿಸುವ ಜಾಗ. ಅದರೊಳಗೆ ಪ್ರಶ್ನೆ ಕೇಳಿದ ಶಾರವ್ವ ಎಂಬ ಹೆಣ್ಣುಮಗಳ ಒಂದೇ ಒಂದು ಸಾಲು, ದಪ್ಪ ಅಕ್ಷರಗಳಲ್ಲಿ: 'ನಮ್ಮತ್ತಿ ಲಗೂನ ಹೋಗ್ಲಿ ಅನಸ್ತು.'

ಅದರ ಕೆಳಗೆ ಸೋಮಲಿಂಗನ ಉದ್ದನೆಯ ಉಪದೇಶ. ಹಿರಿಯರ ಸಾವು ಬಯಸುವವರಿಗೆ ಏನೇನು ಗತಿ ಕಾದಿದೆ ಎಂದು ಒಂದು, ಎರಡು, ಮೂರು ಎಂದು ಅಂಕಿ ಹಾಕಿ ವಿವರಿಸಿದ್ದ.

"ಚೌಕದಾಗ ಇರೋದು ಯಾರ ಮಾತು?"

"ಆ ತಾಯೀದ, ಅಜ್ಜಾರ. ಒಂದಕ್ಷರ ಬದಲಿ ಮಾಡಿಲ್ಲ."

"ಆಕಿ ಹೌದು ಅಂದಾಳೇನು?"

ಸೋಮಲಿಂಗ ಪರದೆ ಸರಿಸಿದ. ಹೊಗಳಿಕೆಗಳ ರಾಶಿಯ ಕೆಳಗೆ ಶಾರವ್ವ ಬರೆದಿದ್ದಳು: 'ತಿಳೀತ್ರಿ. ಇವತ್ತಿಂದ ಅವರಿಗೆ ಉಣಸೂದು ಬಿಟ್ಟೀನಿ. ಬ್ಯಾರೇದವರು ಉಣಸಾಕ ಹ್ವಾದ್ರ ಅವರು ಬಾಯಿ ತಗೀವಲ್ರು.'

ಅವನು ಗಡಿಬಿಡಿಯಲ್ಲಿ ಏನೋ ಒತ್ತತೊಡಗಿದ. ಅಜ್ಜಾರು ಅವನ ಕೈ ಹಿಡಿದರು.

"ಹಾಳಿ ತಗೊಂಡು ಬಾ. ಆಕಿ ಬರದದ್ದೆಲ್ಲಾ ಕೈಲೆ ಬರಿ. ಒಂದೂ ಬಿಡಬ್ಯಾಡ."

"ಅಷ್ಟೊತ್ತೂ ಆ ಮುದುಕಿ ಉಪವಾಸ, ಅಜ್ಜಾರ!"

"ಹಂಗಾದ್ರ ಈಗ ಸುರು ಮಾಡು."

ಸೋಮಲಿಂಗ ಹೊಳೆಯ ಮೆಟ್ಟಿಲ ಮೇಲೆ ಕೂತು, ಆಕೆಯ ಮೂಲ ಪ್ರಶ್ನೆ ತೆರೆದು ಬರೆದ.

'ನಮ್ಮತ್ತಿ ಹಾಸಿಗಿ ಹಿಡದು ಹನ್ನೊಂದ್ ವರ್ಷ ಆತ್ರಿ. ನನ್ನ ಕೈಲೆ ಅಷ್ಟ ಉಣ್ತಾರ. ಮೊನ್ನೆ ಗಂಜಿ ಕುಡಸೂಮುಂದ ನೋವು ತಾಳಲಾರದ ಚೀರಿದ್ರು. ನನಗ ನೋಡಾಕ ಆಗಲಿಲ್ಲ. ನಮ್ಮತ್ತಿ ಲಗೂನ ಹೋಗ್ಲಿ ಅನಸ್ತು. ಅನಿಸಿದ ಕೂಡ್ಲೆ ಅವರ ಕಾಲು ಹಿಡದು ಅತ್ತೀನ್ರಿ. ಅವತ್ತಿಂದ ಚಮಚಾ ಹಿಡದ್ರ ಕೈ ನಡಗತೈತಿ. ಈ ಕೈಲೆ ಉಣಸಬಹುದೇನ್ರಿ?'

ನಿನ್ನೆ ಇದನ್ನೆಲ್ಲ ಅವನು ಕಣ್ಣಾಡಿಸಿ, ಒಂದು ಸಾಲು ಮಾತ್ರ ಉಳಿಸಿ ಚೌಕದಿಂದ ಅಳಿಸಿದ್ದ. ಇಂದು 'ಹನ್ನೊಂದ್ ವರ್ಷ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅಜ್ಜಾರಿಗೆ ಜ್ವರ ಬಂದಾಗ ತಾನು ನಾಲ್ಕು ದಿನ ಗಂಜಿ ಕೊಟ್ಟು, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ನೆನಪಾಯಿತು.

ತನಗರಿವಿಲ್ಲದೆಯೇ ಅವನು ಕಾಲ ಮೇಲಿನ ಕಾಲು ತೆಗೆದು ನೆಟ್ಟಗೆ ಕೂತ. ಎಂಥ ದೊಡ್ಡ ಜೀವದ ಮುಂದೆ ಬಾಯಿ ಮಾಡಿದೆನಲ್ಲ ಎಂದುಕೊಂಡ.

ಬರೆದು ಮುಗಿಸಿ ತನ್ನ ಉಪದೇಶವನ್ನು ಅಳಿಸಿದ. ಇನ್ನೂರು ಮೆಚ್ಚುಗೆಗಳೂ ಅದರ ಜೊತೆಗೇ ಹೋದವು. ಬೂದು ಚೌಕದೊಳಗೆ ಶಾರವ್ವನ ಮಾತನ್ನು ಇಡಿಯಾಗಿ ಇಟ್ಟ. ಯಾವ ಸಾಲನ್ನೂ ದಪ್ಪ ಮಾಡಲಿಲ್ಲ. ಕೆಳಗೆ ಬರೆದ:

'ತಾಯಿ, ನಿನ್ನೆ ನಿಮ್ಮ ಮಾತು ಕತ್ತರಿಸಿದೆ. ತಪ್ಪು ನನ್ನದು. ನೀವು ಹೇಳಿದ್ದು ಇಷ್ಟು. ಹೌದೇ?'

ಮಧ್ಯಾಹ್ನ ಕಳೆದರೂ ಅವನು ಊಟಕ್ಕೆ ಏಳಲಿಲ್ಲ.

ಆಮೇಲೆ ಶಾರವ್ವನ ಉತ್ತರ ಬಂತು: 'ಹೌದ್ರಿ, ಇಷ್ಟೂ ನಂದ. ನೀವು ಇಟ್ಟದ್ದು ನಾನೂ ಮೊದಲಿಂದ ಓದಿದೆ. ಈಗ ನಮ್ಮತ್ತಿಯವರಿಗೆ ಗಂಜಿ ಕುಡಸಿ ಬಂದೆ. ಕೈ ನಡಗ್ತು. ಆದ್ರೂ ಕುಡದ್ರು.'

ಸೋಮಲಿಂಗ ಕಣ್ಣೊರೆಸಿಕೊಳ್ಳುತ್ತ ಅಜ್ಜಾರ ಬಳಿ ಓಡಿದ. ವಿಷಯ ಹೇಳಿ, ಬರೆದ ಹಾಳೆಯನ್ನು ಅವರ ಮುಂದಿಟ್ಟ.

"ಆದ್ರ ಅಜ್ಜಾರ, ಆಕಿ ಕೇಳಿದ್ದಕ್ಕ ನಾವಿನ್ನೂ ಉತ್ತರಾನ ಕೊಟ್ಟಿಲ್ಲ. ಏನಂತ ಬರೀಲಿ?"

ಅಜ್ಜಾರು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು.

"ಆ ತಾಯಿ ಯಾವಾಗರ ಮಠಕ್ಕ ಬಂದ್ರ ನನಗ ಮೊದಲ ಹೇಳು. ಆಕಿನ್ನ ಎದುರುಗೊಳ್ಳಾಕ ನಾ ಊರ ಅಗಸಿ ಬಾಗಿಲತನಾ ಹೋಗಿ ನಿಂದ್ರಬೇಕು."