ಸಕ್ಕರೆ ನೆತ್ತರಿನ ಕಾವಲು

ಸಾವಂತ್ರವ್ವನ ಶ್ವಾಸಕೋಶದ ಮೂಲೆಯಲ್ಲಿ ಒಂದು ಕ್ಷಯದ ಕ್ರಿಮಿ ಬಹುಕಾಲದಿಂದ ಸೆರೆಯಲ್ಲಿತ್ತು. ಅದರ ಸುತ್ತ ಗೋಡೆ ಕಟ್ಟಿ ಕಾಯುತ್ತಿದ್ದ ನೆತ್ತರಿನ ಬಿಳಿಕಣಕ್ಕೆ ಈಚೆಗೆ ಮೈಯೆಲ್ಲ ಜಡ. ಸಾವಂತ್ರವ್ವ ತನ್ನ ಸಕ್ಕರೆ ಕಾಯಿಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇದ್ದುದರಿಂದ ಆಕೆಯ ನೆತ್ತರು ಸಕ್ಕರೆ ಪಾಕದಂತಾಗಿತ್ತು.

ಒಂದು ದಿನ ಗೋಡೆ ಬಿರಿಯಿತು. ಬಿಳಿಕಣ ಕೂಗಿ ಕರೆಯಿತು. ಜೊತೆಗಾರರು ಬಂದರು, ಆದರೆ ತಡವಾಗಿ, ತೂಕಡಿಸುತ್ತ. ಅಷ್ಟರಲ್ಲಿ ಒಂದಿದ್ದ ಕ್ರಿಮಿ ನೂರಾರಾಗಿತ್ತು.

"ಇಷ್ಟು ಬಲ ಎಲ್ಲಿಂದ ತಂದೆ?" ಎಂದಿತು ಬಿಳಿಕಣ.

"ನನ್ನ ಬಲ ಅಂದಿನಷ್ಟೇ ಇದೆ. ಕುಗ್ಗಿದ್ದು ನಿನ್ನದು" ಎಂದಿತು ಕ್ರಿಮಿ.

ಆ ಮಾತು ನಿಜವೆಂದು ಬಿಳಿಕಣಕ್ಕೆ ಗೊತ್ತಿತ್ತು. ಆದರೂ ಜಾಗ ಬಿಡಲಿಲ್ಲ.

ಸಾವಂತ್ರವ್ವ ವಾರಗಟ್ಟಲೆ ಕೆಮ್ಮಿದಳು. ಕಫದಲ್ಲಿ ರಕ್ತ ಕಂಡಾಗ ಹೆದರಿ ಆಸ್ಪತ್ರೆಗೆ ಹೋದಳು. "ಅವ್ವಾ, ಕ್ಷಯದ ಗುಳಿಗೆಯೊಂದೇ ಸಾಲದು. ಸಕ್ಕರೆ ಹತೋಟಿಗೆ ಬಂದರೇನೇ ನಿಮ್ಮ ಮೈಯೊಳಗಿನ ಕಾವಲು ಎದ್ದು ನಿಲ್ಲುವುದು" ಎಂದರು ಡಾಕ್ಟರು.

ಎರಡೂ ಔಷಧಗಳು ಶುರುವಾದವು. ಕ್ರಿಮಿಗಳು ಸಾಯತೊಡಗಿದವು. ನೆತ್ತರು ತಿಳಿಯಾದಂತೆ ಬಿಳಿಕಣದ ಜಡವೂ ಇಳಿಯಿತು. ಕೆಲವು ತಿಂಗಳಲ್ಲಿ ಕೆಮ್ಮು ನಿಂತಿತು. ಆಗ ಸಾವಂತ್ರವ್ವನ ದನಿ ಕೇಳಿಸಿತು: "ಆರಾಮ ಆಗೇನಿ, ಇನ್ನ ಗುಳಿಗಿ ಯಾಕ?"

"ಕೇಳಿದೆಯಾ? ನಾನು ಇನ್ನು ಸ್ವಲ್ಪ ದಿನ ತಾಳಿದರೆ ಸಾಕು, ಗುಳಿಗೆ ನಿಂತ ಮೇಲೆ ಮತ್ತೆ ಬೆಳೆಯುತ್ತೇನೆ" ಎಂದು ಉಳಿದಿದ್ದ ಕ್ರಿಮಿ ನಕ್ಕಿತು. ಬಿಳಿಕಣ ಹೊರಗಿನ ಮಾತಿಗೆ ಕಿವಿಗೊಟ್ಟಿತು.

"ಅತ್ತಿ, ಡಾಕ್ಟರು ಸಾಕು ಅನ್ನೋತನಕ ಬಿಡೂ ಹಂಗಿಲ್ರಿ" ಎಂದಳು ಸೊಸೆ.

ಹೊರಗೆ ಗುಳಿಗೆಯ ಪೊಟ್ಟಣ ಚರಚರ ಎಂದಿತು. ಆಮೇಲೆ, ಗಂಟಲಿನಲ್ಲಿ ನೀರಿನ ಗುಟುಕು ಇಳಿದ ಸದ್ದಾಯಿತು.

ಬಿಳಿಕಣ ಕ್ರಿಮಿಯ ಮೇಲೆ ನುಗ್ಗಿತು.